ಸರ್ಜಾಪುರದ ಬಸ್ಸಿಗೆ ಬ್ರೌಸರಿನಿಂದ ಟವೆಲ್ ಹಾಕುವ ಬಗ್ಗೆ

ಸಾರಿಗೆ, ಆಸನ ಹಾಗೂ ಇತರೆ ವಿಭಾಗ
ಎರಡನೇ ಗೇಟಿನ ಪಕ್ಕ, ವೈಟ್‌ಫೀಲ್ಡ್

ಕ್ರಮಾಂಕ: ಸಾಆಇ/ಟವೆಲ್/೦೪/೨೦೦೯-೧೦
ದಿನಾಂಕ: ೧೭-೦೨-೨೦೧೦, ಬುಧವಾರ

ಸುತ್ತೋಲೆ

ವಿಷಯ: ಸಂಜೆಯ ಸರ್ಜಾಪುರ ಬಸ್ಸು ಭರ್ತಿಯಾಗಿಯೂ ಖಾಲಿ ಹೋಗುತ್ತಿರುವ ಕುರಿತು.

ಉಲ್ಲೇಖ: ೧) ಶ್ರೀಮತಿ ಶಶಿಕಲಾ, ಟೆಸ್ಟಿಂಗ್ ಶಾಖೆ, ಇವರು ಗೇಟಿನ ಬಳಿ ನಿಂತು ನೀಡಿದ ಮೌಖಿಕ ದೂರು.
೨) ಅದೇ ದೂರು, ಮಾರನೆಯ ಸಂಜೆ, ಸ್ವಲ್ಪ ಜೋರಾಗಿ.
೩) ಇದೇ ವಿಭಾಗದ ಹಿಂದಿನ ಸುತ್ತೋಲೆ (ಯಾರಿಗೂ ಕಾಣಿಸಿರುವುದಿಲ್ಲ, ಕಾರಣಕ್ಕೆ ಕಲಂ ೫ ನೋಡುವುದು).

ಪ್ರಸ್ತಾವನೆ:

ಅವರೆಕಾಯಿ ಸೊಗಡು ಇನ್ನೂ ಕೈಬಿಡದ ದಿನಗಳಲ್ಲಿ, ಸಂಜೆ ಬಿಸಿಲು ಗೇಟಿನ ಕಂಬ ದಾಟಿ ಬಸ್ಸಿನ ಮುಂಗಾಜಿನ ಮೇಲೆ ಬೀಳುವ ಹೊತ್ತಿಗೆ ಈ ವಿಷಯ ಆರಂಭವಾಗಿರುತ್ತದೆ. ಆ ಹೊತ್ತಿಗೆ ಸರ್ಜಾಪುರದ ಬಸ್ಸು ಗೇಟು ದಾಟಿತು. ಕಂಪ್ಯೂಟರಿನ ಪ್ರಕಾರ ಬಸ್ಸು ಭರ್ತಿ. ಕಣ್ಣಿನ ಪ್ರಕಾರ ಒಳಗೆ ಚಾಲಕ ಶ್ರೀ ಗೋಪಾಲಪ್ಪ ಒಬ್ಬರೇ.

ವಿಚಾರಿಸಲಾಗಿ ತಿಳಿದುಬಂದದ್ದೇನೆಂದರೆ, ಮೂರನೇ ಮಹಡಿಯ ಪ್ರೋಗ್ರಾಮರ್ ಶ್ರೀ ಮುರಳಿ ಇವರು ಬ್ರೌಸರಿಗೆ ಹಚ್ಚಿಕೊಳ್ಳುವ ಒಂದು ಸಣ್ಣ ಉಪಕರಣ ಮಾಡಿರುತ್ತಾರೆ. ಇಂಥವನ್ನು ಆಡ್-ಆನ್ ಎನ್ನುತ್ತಾರೆ. ಇದರ ಹೆಸರು 'ಟವೆಲ್'. ಬೆಳಿಗ್ಗೆ ಬಸ್ಸಿನ ಬುಕಿಂಗ್ ಪುಟ ತೆರೆದದ್ದೇ ತಡ, ಯಾರೂ ಮುಟ್ಟದೆ ತಾನಾಗಿಯೇ ಸೀಟು ಹಿಡಿದು, ಮೂಲೆಯಲ್ಲಿ ಒಂದು ಹಸಿರು ಗುರುತು ತೋರಿಸುವುದು ಇದರ ಕೆಲಸ.

ಹೆಸರಿನ ಹಿನ್ನೆಲೆ ಹೊಸಬರಿಗೆ ತಿಳಿದಿರಲಿಕ್ಕಿಲ್ಲ. ಹಿಂದೆ ಸರ್ಜಾಪುರದ ಕಡೆಯ ಖಾಸಗಿ ಬಸ್ಸುಗಳಲ್ಲಿ, ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವ ಪದ್ಧತಿ ಇತ್ತು. ಟವೆಲ್ ಬಿದ್ದ ಸೀಟಿನಲ್ಲಿ ಇನ್ನೊಬ್ಬರು ಕೂರುತ್ತಿರಲಿಲ್ಲ. ಕೂತರೆ ಜಗಳ, ಜಗಳ ಮುಗಿಯುವಷ್ಟರಲ್ಲಿ ದೊಮ್ಮಸಂದ್ರ ಬರುತ್ತಿತ್ತು. ಆದರೆ ಎಸೆದವನು ಟವೆಲಿನ ಹಿಂದೆಯೇ ಹತ್ತುತ್ತಿದ್ದ. ಅವನ ಬಳಿ ಇದ್ದುದು ಒಂದೇ ಟವೆಲ್, ಬಿಟ್ಟು ಹೋಗುವ ಹಾಗಿರಲಿಲ್ಲ.

ಈಗಿನ ಟವೆಲಿಗೆ ಆ ತೊಂದರೆ ಇಲ್ಲ. ಶ್ರೀ ಮುರಳಿ ಬೇಗೂರಿನವರು. ಪರೀಕ್ಷೆಗೆಂದು ಸರ್ಜಾಪುರದ ಬಸ್ಸಿನ ಹೆಸರು ಹಾಕಿ ನೋಡಿದರು. ಅದು ಕೆಲಸ ಮಾಡಿತು. ಸಂತೋಷದಲ್ಲಿ ಅದನ್ನು ಹಾಗೆಯೇ ಇಡೀ ಮಹಡಿಗೆ ಹಂಚಿದರು. ಇವರ ಹೇಳಿಕೆ: "ಊರಿನ್ ಹೆಸ್ರು ಬದ್ಲಾಯ್ಸೋದು ಮರ್ತ್‌ಬಿಟ್ಟೆ ಸಾರ್. ಈಗ ನನ್ ಹತ್ರ ತೆಗೆದ್ರೂ ಏನೂ ಆಗಲ್ಲ, ಅವರವರ ಬ್ರೌಸರಲ್ಲಿ ಅವರವರೇ ತೆಗೀಬೇಕು."

ಅವರವರು ತೆಗೆಯಲಿಲ್ಲ. ಹಸಿರು ಗುರುತು ಬಂದರೆ ಸಾಕು, ಯಾವ ಊರಿನದೆಂದು ಯಾರೂ ನೋಡಲಿಲ್ಲ; ಸಂಜೆ ತಮ್ಮ ತಮ್ಮ ಬೈಕಿನಲ್ಲಿ ಹೋದರು. ತಿಳಿಸಿ ಹೇಳಿದ ಮೇಲೂ ಅದೇ ಮಹಡಿಯ ಶ್ರೀ ಸುಜಯ್ ಇವರು, "ಇರ್ಲಿ ಬಿಡು ಗುರು, ಬಂದಿರೋ ಸೀಟು ಯಾಕ್ ಬಿಡ್ಬೇಕು? ಮಳೆಗಿಳೆ ಬಂದ್ರೆ?" ಎಂದಿದ್ದಾರೆ. ಮಳೆ ಬಂದರೆ ಬೊಮ್ಮನಹಳ್ಳಿಯ ಅವರು ಸರ್ಜಾಪುರಕ್ಕೆ ಹೋಗಿ ಏನು ಮಾಡುತ್ತಾರೆಂಬ ಪ್ರಶ್ನೆಯನ್ನು ಕಡತದಲ್ಲಿ ಇಡಲಾಗಿದೆ.

ಬಸ್ಸು ದಿನವೂ ಭರ್ತಿ ಎಂದು ಕಂಡು, ವ್ಯವಸ್ಥಾಪಕರಾದ ಶ್ರೀ ಭಾನುಪ್ರಕಾಶ್ ಇವರು ಎರಡನೇ ಬಸ್ಸು ಮಂಜೂರು ಮಾಡಿದರು. ಅದೂ ಭರ್ತಿಯಾಯಿತು. ಮೂರನೆಯದು ಬಂತು. ಸರ್ಜಾಪುರಕ್ಕೆ ಈಗ ಮೂರು ಬಸ್ಸು ಸಾಲಾಗಿ, ಮದುವೆ ದಿಬ್ಬಣದಂತೆ, ಆದರೆ ಮದುವೆಯವರಿಲ್ಲದೆ ಹೋಗುತ್ತಿವೆ.

ನಿಜವಾಗಿ ಸರ್ಜಾಪುರಕ್ಕೆ ಹೋಗಬೇಕಾದವರು ಶ್ರೀಮತಿ ಶಶಿಕಲಾ ಒಬ್ಬರೇ. ಇವರ ಕಂಪ್ಯೂಟರಿನಲ್ಲಿ, ಗಿರಾಕಿಯ ಕೋರಿಕೆಯಂತೆ, ಬಲು ಹಳೆಯ ಬ್ರೌಸರು ಇದೆ. ಅದು ಯಾವ ಆಡ್-ಆನನ್ನೂ ಒಳಗೆ ಬಿಡುವುದಿಲ್ಲ. ಇವರು ಕೈಯಾರೆ ಹೆಸರು ಬರೆಯುವಷ್ಟರಲ್ಲಿ ಮೂರೂ ಬಸ್ಸು ಭರ್ತಿ. ಗೇಟಿನ ಶ್ರೀ ಯಂಕಪ್ಪ ಇವರು ಸೀಟು ಚೀಟಿ ಇಲ್ಲದವರನ್ನು ಹತ್ತಿಸುವಂತಿಲ್ಲ. "ಕಂಪ್ಯೂಟ್ರಲ್ಲಿ ಫುಲ್ ಐತೆ ಮೇಡಂ. ಕಣ್ಣಿಗೆ ಖಾಲಿ ಕಾಣ್ತದೆ, ಅದಕ್ಕೆ ನಾನೇನ್ ಮಾಡ್ಲಿ?" ಎಂಬುದು ಇವರ ಹೇಳಿಕೆ. ಆದ್ದರಿಂದ ಮುಂದೆ ಮೂರು ಖಾಲಿ ಬಸ್ಸು, ಹಿಂದೆ ಟೊಮೆಟೊ ಟೆಂಪೊದಲ್ಲಿ ಶ್ರೀಮತಿ ಶಶಿಕಲಾ.

ಸದರಿಯವರ ಕೊನೆಯ ಹೇಳಿಕೆ: "ಮನೇಗೋದ್ರೆ ಮಗು ಅಮ್ಮಾ ನಿನ್ ಮೈಯೆಲ್ಲ ಸಾರಿನ್ ವಾಸ್ನೆ ಅಂತದೆ ಕಣಣ್ಣ. ಶುಕ್ರವಾರನೂ ಸೀಟು ಸಿಗಲಿಲ್ಲ ಅಂದ್ರೆ ಸೋಮವಾರದಿಂದ ನಾನು ಕೆಲಸಕ್ಕೆ ಬರಲ್ಲ. ಇಷ್ಟೇ." ಇದನ್ನು ವಿಭಾಗವು ಗಂಭೀರವಾಗಿ ಪರಿಗಣಿಸಿ, ಈ ಕೆಳಗಿನಂತೆ ಆದೇಶಿಸಿದೆ.

೧. ಬ್ರೌಸರಿನಲ್ಲಿ ಹಾಕಿದ ಟವೆಲನ್ನು ಇನ್ನು ಮುಂದೆ ಟವೆಲ್ ಎಂದು ಪರಿಗಣಿಸಲಾಗುವುದಿಲ್ಲವೆಂದು ಈ ಮೂಲಕ ಸೂಚಿಸಲಾಗಿದೆ. ನಾಳೆ ಒಂದು ದಿನ ಟವೆಲ್ ಕೊಳ್ಳಲು ಬಿಡಲಾಗಿದೆ. ಶುಕ್ರವಾರದಿಂದ ಸೀಟು ಬೇಕಾದವರು ಬಟ್ಟೆಯ ಟವೆಲನ್ನು ಖುದ್ದಾಗಿ ತಂದು ಕಿಟಕಿಯ ಮೂಲಕ ಹಾಕತಕ್ಕದ್ದು. ಸೀಟು ಚೀಟಿಯ ಅಗತ್ಯವಿರುವುದಿಲ್ಲ. ಬಸ್ಸು ಒಂದೇ ಹೊರಡುವುದು.

೨. ಟವೆಲ್ ಸೀಟನ್ನು ಮುಚ್ಚುವಷ್ಟು ಇರತಕ್ಕದ್ದು. ಕರವಸ್ತ್ರಕ್ಕೆ ಅರ್ಧ ಸೀಟು. ಕೊರಳಿನ ಗುರುತಿನ ಚೀಟಿಯ ಪಟ್ಟಿ, ಕಂಪನಿ ಕೊಟ್ಟ ಟೀ ಶರ್ಟು ಮತ್ತು ಹೆಡ್‌ಫೋನು ಟವೆಲ್ ಆಗುವುದಿಲ್ಲ. ಒದ್ದೆ ಟವೆಲಿಗೆ ಹಿಂದಿನ ಸಾಲು ಮಾತ್ರ. ಹೊದಿಕೆ ತಂದು ಮೂರು ಸೀಟಿನ ಮೇಲೆ ಹಾಸುವವರ ನಿಲುವನ್ನು ವಿಭಾಗವು ಮೆಚ್ಚುತ್ತದೆ, ಆದರೆ ಒಪ್ಪುವುದಿಲ್ಲ.

೩. ಟವೆಲಿನ ಹಿಂದೆ ಟವೆಲಿನವರು ಹತ್ತತಕ್ಕದ್ದು. ಇಲ್ಲವೇ ಗಾಡಿ ಹೊರಡುವ ಮುನ್ನ ಟವೆಲ್ ಎತ್ತಿಕೊಳ್ಳತಕ್ಕದ್ದು. ವಾರಸುದಾರರಿಲ್ಲದ ಟವೆಲಿನಿಂದ ಶ್ರೀ ಗೋಪಾಲಪ್ಪ ಇವರು ಮುಂಗಾಜು ಒರೆಸಿಕೊಳ್ಳಬಹುದು.

೪. ಮೂರನೇ ಮಹಡಿಯಿಂದಲೇ ಟವೆಲ್ ಎಸೆಯುವ ಪ್ರಯತ್ನ ಮಾಡತಕ್ಕದ್ದಲ್ಲ. ಆ ಕಿಟಕಿಗಳು ತೆರೆಯುವುದಿಲ್ಲ. ತೆರೆಯದ ಕಿಟಕಿಯ ಮುಂದೆ ಕೂತು 'ಹೊರಗೆ ಎಷ್ಟು ಚೆಂದ ಇದೆ, ನಾವು ಯಾಕೆ ಇಲ್ಲಿದ್ದೇವೆ' ಎಂದು ಯೋಚಿಸುವುದಕ್ಕೆ ಅಭ್ಯಂತರವಿಲ್ಲ. ಊಟದ ನಂತರ, ಸ್ವಲ್ಪ ಹೊತ್ತು.

೫. ಜಾಹೀರಾತು ತಡೆಯುವ ಆಡ್-ಆನಿನ ಬಗ್ಗೆ: ನಮ್ಮ ಹಿಂದಿನ ಸುತ್ತೋಲೆಗೆ ಕೆಂಪು ಅಂಚು ಹಾಕಿದ್ದರಿಂದ ಸದರಿ ಆಡ್-ಆನ್ ಅದನ್ನು ಸೀರೆ ಮಾರಾಟದ ಜಾಹೀರಾತೆಂದು ತಿಳಿದು ಅಳಿಸಿದೆ. ಆದ್ದರಿಂದ ಇದನ್ನು ಕಾಗದದಲ್ಲಿ ಬರೆದು ಕ್ಯಾಂಟೀನಿನ ಗೋಡೆಗೆ ಅಂಟಿಸಲಾಗಿದೆ. ಕ್ಯಾಂಟೀನಿನ ಶ್ರೀಮತಿ ಅನುಸೂಯಮ್ಮ ಇವರು ಒಂದು ಕಲಂ ಓದಿ ಹೇಳಿದ ನಂತರವೇ ಕಾಫಿ ಕೊಡತಕ್ಕದ್ದು. ಕಾಗದವನ್ನು ತಡೆಯುವ ಆಡ್-ಆನ್ ಸದ್ಯಕ್ಕಿಲ್ಲ. ಶ್ರೀ ಮುರಳಿ ಇವರು ಅದನ್ನು ಮಾಡತಕ್ಕದ್ದಲ್ಲ.

೬. ಮೂಲೆಯಲ್ಲಿ ಹವಾಮಾನ ತೋರಿಸುವ ಆಡ್-ಆನ್ ಬಿಸಿಲು ಎಂದು ತೋರಿಸುವಾಗ ಹೊರಗೆ ಮಳೆ ಬಂದರೆ, ನೌಕರರು ಮಳೆಯನ್ನೇ ನಂಬತಕ್ಕದ್ದು.

೭. ಆಮೇಲೆ ಓದೋಣವೆಂದು ಬ್ರೌಸರಿನಲ್ಲಿ ಸಾಲುಸಾಲಾಗಿ ತೆರೆದಿಟ್ಟ ಪುಟಗಳೂ, ಅವನ್ನು ಉಳಿಸಿಡುವ ಆಡ್-ಆನೂ ಒಂದು ಬಗೆಯ ಟವೆಲೇ ಎಂಬುದು ವಿಭಾಗದ ಅಭಿಪ್ರಾಯ. ಕೂರದ ಸೀಟು, ಓದದ ಪುಟ. ಇದರ ಮೇಲೆ ಕ್ರಮ ಕೈಗೊಳ್ಳುವುದಿಲ್ಲ, ಸುಮ್ಮನೆ ಹೇಳಲಾಗಿದೆ.

೮. ಯಾರ ಹೆಸರಿಗೂ ಸೀಟು ಮೀಸಲಿಡುವ ಅಧಿಕಾರ ಈ ವಿಭಾಗಕ್ಕಿಲ್ಲ. ಶ್ರೀಮತಿ ಶಶಿಕಲಾ ಇವರೂ ಟವೆಲ್ ತರತಕ್ಕದ್ದು. ಉಳಿದವರು ಮನಸ್ಸಿನಲ್ಲಿ ಯೋಚಿಸಿ ನಡೆದುಕೊಳ್ಳತಕ್ಕದ್ದು.

(ಸಹಿ)
ಹನುಮಯ್ಯ
ಹಿರಿಯ ಸಹಾಯಕ
ವ್ಯವಸ್ಥಾಪಕರ ಪರವಾಗಿ

ಪ್ರತಿಗಳು:
೧) ಶ್ರೀ ಭಾನುಪ್ರಕಾಶ್, ವ್ಯವಸ್ಥಾಪಕರು: ಶುಕ್ರವಾರ ಮೊದಲ ಟವೆಲ್ ಹಾಸಿ ಉದ್ಘಾಟಿಸುವ ಕೋರಿಕೆಯೊಂದಿಗೆ.
೨) ಶ್ರೀ ಯಂಕಪ್ಪ, ಗೇಟು: ಇನ್ನು ಮುಂದೆ ಕಣ್ಣನ್ನು ನಂಬಲು.
೩) ಶ್ರೀ ಗೋಪಾಲಪ್ಪ, ಚಾಲಕರು.
೪) ಎರಡನೇ ಮತ್ತು ಮೂರನೇ ಬಸ್ಸಿನವರಿಗೆ, ವಂದನೆಗಳೊಂದಿಗೆ.
೫) ಕ್ಯಾಂಟೀನಿನ ಗೋಡೆ.
೬) ಟೊಮೆಟೊ ಟೆಂಪೊದವರಿಗೆ, ಮಾಹಿತಿಗಾಗಿ.

ಷರಾ (ಶನಿವಾರ, ೨೦-೦೨-೨೦೧೦):

ಶುಕ್ರವಾರ ಸಂಜೆ ಸುತ್ತೋಲೆ ಜಾರಿಗೆ ಬಂತು. ಸೀಟು ಬೇಡದವರೂ, ಹಕ್ಕು ಬಿಡಬಾರದೆಂದು ಹೊಸ ಟವೆಲ್ ಕೊಂಡು ತಂದು ಎಸೆದರು. ಬಸ್ಸಿನೊಳಗೆ ಬಟ್ಟೆ ಒಣಗಿಸಿದಂತಿತ್ತು. ಶ್ರೀಮತಿ ಶಶಿಕಲಾ ಇವರು ತಮ್ಮ ಟವೆಲ್ ಹಿಡಿದು ಬಂದಾಗ ಹಾಕಲು ಒಂದು ಸೀಟೂ ಉಳಿದಿರಲಿಲ್ಲ. ಇವರು ಟವೆಲನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ರಸ್ತೆಯ ಕಡೆ ತಿರುಗಿದರು.

ಆಗ ಶ್ರೀ ಗೋಪಾಲಪ್ಪ ಇಂಜಿನ್ ಚಾಲೂ ಮಾಡಿದರು. ಶ್ರೀ ಯಂಕಪ್ಪ ಬಾಗಿಲಲ್ಲಿ ನಿಂತು, "ಮೂರ್ನೇ ಕಲಮ್ಮು! ಹತ್ತಿದ್ರೆ ಸರ್ಜಾಪುರ, ಇಲ್ಲಾಂದ್ರೆ ಟವೆಲ್ ಗಾಜಿಗೆ! ಬೇಗ ಹೇಳ್ರಪ್ಪ!" ಎಂದು ಕೂಗಿದರು. ಬೈಕಿನವರೆಲ್ಲ ಒಂದೇ ಸಲ ಕಿಟಕಿಗಳಿಗೆ ಕೈಹಾಕಿದರು. "ಅದು ನಂದು ಮಗಾ, ನಿಂದು ನೀಲಿ!" ಎಂದು ಶ್ರೀ ಸುಜಯ್, ಶ್ರೀ ಮುರಳಿ ಇವರೊಡನೆ ಎಳೆದಾಡಿದ್ದು ಕೇಳಿಬಂದಿದೆ. ಟವೆಲ್‌ಗಳೆಲ್ಲ ಹೊರಗೆ ಬಂದವು. ಶ್ರೀ ಯಂಕಪ್ಪ ರಸ್ತೆಯವರೆಗೆ ಓಡಿ, "ಅಕ್ಕಾ, ಬನ್ರಕ್ಕಾ, ಪೂರ್ತಿ ನಿಮ್ದೇ!" ಎಂದು ಕರೆತಂದರು.

ಒಳಗೆ ಒಂದು ಟವೆಲ್ ಮಾತ್ರ ಉಳಿದಿತ್ತು. ಶ್ರೀ ಭಾನುಪ್ರಕಾಶ್ ಇವರು ಉದ್ಘಾಟನೆಗೆಂದು ಅದನ್ನು ಹಾಸಿ, ಮೇಲೆ ಕೂತು, ಮೊಬೈಲಿನಲ್ಲಿ ಬಸ್ಸಿನ ವ್ಯವಸ್ಥೆಯ ಯಶಸ್ಸನ್ನು ಯಾರಿಗೋ ವಿವರಿಸುತ್ತಿದ್ದರು. ತಲೆಯೆತ್ತಿ ನೋಡಿದಾಗ ವರ್ತೂರು ಕೆರೆ. "ಸಾರ್, ನೀವೂ ನಮ್ಮೂರ್ ಕಡೇನಾ?" ಎಂದು ಶ್ರೀಮತಿ ಶಶಿಕಲಾ ಕೇಳಿದರೆಂದು ಶ್ರೀ ಗೋಪಾಲಪ್ಪ ವರದಿ ಮಾಡಿದ್ದಾರೆ. ವ್ಯವಸ್ಥಾಪಕರ ಮನೆ ಊರಿನ ಇನ್ನೊಂದು ತುದಿಯ ಜಾಲಹಳ್ಳಿಯಲ್ಲಿದೆ.

ಶುಕ್ರವಾರ ಸಂಜೆ ಬಸ್ಸಿನಲ್ಲಿ ಹೊರಟವರು: ಶ್ರೀಮತಿ ಶಶಿಕಲಾ, ಕಿಟಕಿ ಪಕ್ಕ; ಶ್ರೀ ಭಾನುಪ್ರಕಾಶ್, ಟವೆಲ್ ಸಹಿತ.
ಅದೇ ದಿನ ಕೆಲಸ ಬಿಟ್ಟು ಹೊರಟವರು: ಯಾರೂ ಇಲ್ಲ.