ಫ್ಯಾನಿನ ಹುಡುಗಿ, ನಮ್ಮತ್ತೆ ಮತ್ತು ಇಂಗ್ಲಿಷ್

ಬೇರೆಯವರ ಮಕ್ಕಳಿಗೆ ಮೂರನೆಯವರ ಭಾಷೆ ಕಲಿಸುವ ಕೆಲಸ ಹಿಡಿದವರು ನಗುವುದಕ್ಕೆ ಕಾರಣ ಹುಡುಕಿಕೊಂಡು ಹೋಗಬೇಕಾಗಿಲ್ಲ. ವಾರಕ್ಕೊಂದಾದರೂ ತಾನಾಗಿಯೇ ಬಂದು ಎದುರು ನಿಲ್ಲುತ್ತದೆ. ನಗುವುದೋ ಅಳುವುದೋ ಎಂದು ತೀರ್ಮಾನಿಸುವುದಷ್ಟೇ ನಮ್ಮ ಪಾಲಿಗೆ ಉಳಿಯುತ್ತದೆ.

ನಾನು ಮೈಸೂರಿನವಳು. ಗಂಡನ ಐಟಿ ಕೆಲಸದ ಹಿಂದೆ ಮಲೇಷ್ಯಾಕ್ಕೆ ಬಂದು ಪುಚೊಂಗಿನ ಕಾಂಡೋ ಒಂದರ ಒಂಬತ್ತನೇ ಮಹಡಿಯಲ್ಲಿ ಸಂಸಾರ ಹೂಡಿದವಳು. ಮಾಂಟ್ ಕಿಯಾರಾದಲ್ಲಿ, ಬೇಕರಿಯೊಂದರ ಮೇಲ್ಮಹಡಿಯಲ್ಲಿ, ಜಪಾನಿ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಇಂಗ್ಲಿಷ್ ಹೇಳಿಕೊಡುವ ಸೆಂಟರ್ ಇದೆ. ಅಲ್ಲಿ ನನಗೆ ಕೆಲಸ ಸಿಕ್ಕಿತು. ಅಪ್ಪಂದಿರ ವರ್ಗಾವಣೆಯ ಜೊತೆ ಊರೂರು ತಿರುಗಿದ ಮಕ್ಕಳು ಅವು. ಅಮೆರಿಕದಲ್ಲೋ ಸಿಂಗಪುರದಲ್ಲೋ ಇದ್ದಾಗ ಪಟಪಟ ಇಂಗ್ಲಿಷ್ ಕಲಿತಿರುತ್ತವೆ, ಇಲ್ಲಿನ ಜಪಾನಿ ಶಾಲೆಗೆ ಸೇರಿದ ಮೇಲೆ ಅದು ದಿನದಿನಕ್ಕೆ ಆವಿಯಾಗುತ್ತದೆ. ಆವಿಯಾಗದ ಹಾಗೆ ಮುಚ್ಚಳ ಹಾಕುವವಳು ನಾನು. ನನ್ನ ಹದಿಮೂರರ ಮಗಳ ಕನ್ನಡ ಮನೆಯಲ್ಲಿ ನನ್ನ ಕಣ್ಣೆದುರೇ ಆವಿಯಾಗುತ್ತಿತ್ತು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ. ಅದಕ್ಕೆ ಹಾಕುವ ಮುಚ್ಚಳ ಮಾತ್ರ ನನಗೆ ಸಿಕ್ಕಿರಲಿಲ್ಲ.

೧. ಒದ್ದೆ ಬಟ್ಟೆ

ಲಾಕ್‌ಡೌನ್‌ಗೆ ಇನ್ನೂ ಎರಡು ತಿಂಗಳಿತ್ತು. ಸೆಂಟರಿನಲ್ಲಿ ನನ್ನ ಮೊದಲ ತರಗತಿ ಮುಗಿಯಿತು. ಗಂಟೆ ಹೊಡೆದದ್ದೇ ತಡ, ಎಂಟು ಮಕ್ಕಳೂ ಎದ್ದು ಮೂಲೆಯ ಬಕೆಟ್ಟಿನಿಂದ ಒದ್ದೆ ಬಟ್ಟೆ ತೆಗೆದು ಮೇಜು, ಕಿಟಕಿ, ನೆಲ ಒರೆಸತೊಡಗಿದವು. ನಾನು ಓದಿದ ಊರಿನಲ್ಲಿ ಮೇಷ್ಟ್ರು ಮಕ್ಕಳ ಕೈಯಲ್ಲಿ ಕಸ ಗುಡಿಸಿಸಿದರೆ ಮಾರನೇ ದಿನ ಅಪ್ಪಂದಿರು ಗೇಟಿನ ಹತ್ತಿರ ನಿಂತಿರುತ್ತಾರೆ. ಮೊದಲ ದಿನವೇ ಕೆಲಸ ಹೋಯಿತು ಎಂದುಕೊಂಡು ಒಬ್ಬೊಬ್ಬರ ಕೈಯಿಂದಲೂ ಬಟ್ಟೆ ಕಿತ್ತುಕೊಂಡೆ. "ನೋ ನೋ, ನಾನು ಮಾಡ್ತೀನಿ" ಎಂದು ಮಂಡಿಯೂರಿ ಇಡೀ ಕೋಣೆ ಒರೆಸಿದೆ. ಮಕ್ಕಳು ಗೋಡೆಗೆ ಆತು ತಲೆ ತಗ್ಗಿಸಿ ನಿಂತಿದ್ದವು. ಒಂದು ಹುಡುಗಿಯ ಕಣ್ಣಲ್ಲಿ ನೀರೇ ಇತ್ತು.

ಸೆಂಟರಿನ ಮೇಡಂ ಜಪಾನಿನವರು, ಬಹಳ ಮೆದು ಮಾತಿನವರು. ಸಂಜೆ ನನ್ನನ್ನು ಕರೆದು, "ಮಕ್ಕಳು ಏನು ತಪ್ಪು ಮಾಡಿದರು?" ಎಂದು ಕೇಳಿದರು. ಅವರಲ್ಲಿ ತಾವು ಕೂತ ಕೋಣೆಯನ್ನು ತಾವೇ ಒರೆಸುವುದು ಪಾಠದಷ್ಟೇ ಮುಖ್ಯವಂತೆ. ಕೈಯಿಂದ ಬಟ್ಟೆ ಕಿತ್ತುಕೊಳ್ಳುವುದೆಂದರೆ ನೀನು ಇದಕ್ಕೂ ಲಾಯಕ್ಕಿಲ್ಲ ಎಂದ ಹಾಗೆ. ನಾನು ಸಾರಿ ಸಾರಿ ಕ್ಷಮೆ ಕೇಳಿದೆ. ಆದರೆ ಅಷ್ಟು ಹೊತ್ತಿಗೆ ಸುದ್ದಿ ಮನೆಗಳಿಗೆ ಮುಟ್ಟಿಯಾಗಿತ್ತು.

ಮಾರನೇ ದಿನ ಒಬ್ಬ ತಾಯಿಯಿಂದ ಚೀಟಿ ಬಂತು. "ನನ್ನ ಮಗ ಸರಿಯಾಗಿ ಒರೆಸಲಿಲ್ಲ ಎಂದು ತಿಳಿದು ನಾಚಿಕೆಯಾಗಿದೆ. ನಿನ್ನೆ ಸಂಜೆಯಿಂದ ಮನೆಯಲ್ಲಿ ಅಭ್ಯಾಸ ಮಾಡಿಸುತ್ತಿದ್ದೇವೆ."

೨. ಯಾರು ಮೊದಲು ಹೊರಡಬೇಕು

ಮಾರ್ಚಿನಲ್ಲಿ ಎಂಸಿಒ ಬಂತು. ಲಾಕ್‌ಡೌನಿಗೆ ಇಲ್ಲಿನ ಹೆಸರು ಅದು. ರಸ್ತೆಗೆ ಅಡ್ಡಗಟ್ಟೆ ಬಿತ್ತು, ಸಾಮಾನು ತರಲು ಮನೆಗೊಬ್ಬರು ಮಾತ್ರ ಹೊರಗೆ ಹೋಗಬೇಕೆಂದಾಯಿತು, ನಮ್ಮ ತರಗತಿ ಲ್ಯಾಪ್‌ಟಾಪಿನೊಳಗೆ ಸೇರಿತು. ಒಂದು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದ ನಮ್ಮತ್ತೆ ವಿಮಾನವಿಲ್ಲದೆ ಇಲ್ಲೇ ಉಳಿದರು. ನನ್ನ ಮೇಜಿನ ಎದುರಿನ ಕುರ್ಚಿಯಲ್ಲಿ ಕೂತು ಹುರುಳಿಕಾಯಿ ಬಿಡಿಸುತ್ತಾ ದಿನಾ ಪಾಠ ಕೇಳುವುದು ಅವರ ದಿನಚರಿಯಾಯಿತು.

ಮೊದಲ ಆನ್‌ಲೈನ್ ಪಾಠ ಮುಗಿದಾಗ ಎಂಟು ತಲೆಗಳೂ ಒಟ್ಟಿಗೆ ಬಗ್ಗಿ ಪರದೆಯಿಂದ ಮಾಯವಾದವು. ನಮಸ್ಕಾರ. ಮತ್ತೆ ಮೇಲೆದ್ದವು. ನಾನೂ ಬಗ್ಗಿದೆ. ಯಾರೂ ಹೊರಡಲಿಲ್ಲ. ಟೀಚರ್ ಇರುವಾಗ ತಾವು ಮೊದಲು ಹೋಗುವುದು ಅವರಿಗೆ ಮರ್ಯಾದೆಯಲ್ಲ. ಮನೆಗೆ ಬಂದವರು ಮೆಟ್ಟಿಲಿಳಿದು ಕಣ್ಮರೆಯಾಗುವ ಮೊದಲೇ ಬಾಗಿಲು ಹಾಕುವುದು ನನಗೆ ಮರ್ಯಾದೆಯಲ್ಲ. ಮತ್ತೆ ಬಗ್ಗಿದವು, ಮತ್ತೆ ಬಗ್ಗಿದೆ. ಹೀಗೆ ಹನ್ನೊಂದು ನಿಮಿಷ ನಡೆಯಿತು. ನನ್ನ ಸೊಂಟ ಹಿಡಿದುಕೊಂಡಿತು.

ನೋಡುವಷ್ಟು ನೋಡಿದ ಅತ್ತೆ ಕೊನೆಗೆ ಬೇಸತ್ತು ಹೇಳಿದರು: "ಅದೇನೇ ಹಾಗೆ ಕಾಯಿಸ್ತೀಯ ಪಾಪ. ಕುಂಕುಮ ಕೊಟ್ಟು ಕಳಿಸು, ಹೋಗ್ತವೆ."

೩. ಐವತ್ತು ನಿಮಿಷ

ಇನ್ನು ಫ್ಯಾನಿನ ಹುಡುಗಿ. ಆರನೇ ತರಗತಿಯವಳು, ಪಾಠ ಆನ್‌ಲೈನ್ ಆದ ಮೇಲೆ ಹೊಸದಾಗಿ ಸೇರಿದವಳು. ಅವಳ ಚೌಕದಲ್ಲಿ ಮುಖ ಕಾಣಿಸುತ್ತಿರಲಿಲ್ಲ. ಕ್ಯಾಮೆರಾ ಸೂರಿಗೆ ಮುಖ ಮಾಡಿರುತ್ತಿತ್ತು, ಅಲ್ಲೊಂದು ಫ್ಯಾನ್ ತಿರುಗುತ್ತಿತ್ತು. ಆ ಫ್ಯಾನಿಗೇ ನಾನು ವಾರಕ್ಕೆ ಮೂರು ದಿನ ಪಾಠ ಹೇಳಿದೆ. ಅಮೆರಿಕದಲ್ಲಿ ನಾಲ್ಕು ವರ್ಷ ಬೆಳೆದ ಹುಡುಗಿ, ಬರೆಯಲು ಕೊಟ್ಟರೆ ಒಂದು ತಪ್ಪಿಲ್ಲ, ಬಾಯಿ ಬಿಡು ಎಂದರೆ ಫ್ಯಾನ್ ಮಾತ್ರ ತಿರುಗುತ್ತದೆ.

ಅವಳ ತಾಯಿ ಒಂದು ದಿನ ಫೋನ್ ಮಾಡಿದರು. ಮುಂದಿನ ವರ್ಷ ಊರಿಗೆ ವಾಪಸು. ಜನವರಿಯಲ್ಲಿ ಅಲ್ಲಿನ ಒಂದು ಶಾಲೆಯ ಸಂದರ್ಶನ, ಅದೂ ಆನ್‌ಲೈನ್, ಪೂರ್ತಿ ಇಂಗ್ಲಿಷಿನಲ್ಲಿ. ಹೊರದೇಶದಿಂದ ಮರಳುವ ಮಕ್ಕಳನ್ನು ಜೊತೆಯವರು ಬೇರೆಯಾಗಿ ನೋಡದ ಶಾಲೆ ಅದೊಂದೇ ಎಂದು ಆಕೆ ನಂಬಿದ್ದರು. "ಇವಳು ಇಲ್ಲಿನ ಶಾಲೆಯಲ್ಲಿ ಒಮ್ಮೆ ಇಂಗ್ಲಿಷ್ ತಪ್ಪು ಮಾತಾಡಿದಾಗ ಎಲ್ಲರೂ ನಕ್ಕರು. ಆಮೇಲೆ ನಿಲ್ಲಿಸಿಬಿಟ್ಟಳು. ಅಲ್ಲೂ ಹೀಗೇ ಕೂತರೆ..." ಎಂದು ನಿಲ್ಲಿಸಿದರು. ಮಾತಾಡಿಸಿಯೇ ಬಿಡುತ್ತೇನೆ ಎಂದು ಮಾತು ಕೊಟ್ಟೆ.

ಮಾತು ಕೊಡುವುದು ನನಗೆ ಸುಲಭ, ಮಾತು ನಿಲ್ಲಿಸುವುದು ಕಷ್ಟ. ಈ ಮಕ್ಕಳು ಪ್ರಶ್ನೆ ಕೇಳಿದ ತಕ್ಷಣ ಉತ್ತರಿಸುವುದಿಲ್ಲ. ಒಳಗೇ ವಾಕ್ಯ ಕಟ್ಟಿ, ತಿದ್ದಿ, ತೀಡಿ, ನೂರಕ್ಕೆ ನೂರು ಸರಿಯಾದ ಮೇಲೆ ಹೊರಗೆ ಬಿಡುತ್ತವೆ. ನಾನೋ, ಆರು ಜನ ಒಟ್ಟಿಗೇ ಮಾತಾಡುವ ಮನೆಯಲ್ಲಿ ಬೆಳೆದವಳು. ಅರ್ಧ ನಿಮಿಷ ಯಾರೂ ಮಾತಾಡದಿದ್ದರೆ ಯಾರಿಗೋ ಮೈ ಸರಿಯಿಲ್ಲ ಎಂದು ನಮ್ಮ ಲೆಕ್ಕ. ಫ್ಯಾನಿಗೆ ಪ್ರಶ್ನೆ ಕೇಳುವುದು, ಐದು ಎಣಿಸುವುದು, ತಾಳಲಾರದೆ ಉತ್ತರವನ್ನೂ ನಾನೇ ಹೇಳುವುದು. ಹೀಗೇ ಆಗಸ್ಟ್ ಬಂತು.

ಮೇಡಂ ಒಂದು ತರಗತಿಯ ರೆಕಾರ್ಡಿಂಗ್ ಪೂರ್ತಿ ಕೇಳಿ ನನಗೆ ಫೋನ್ ಮಾಡಿದರು. ಅವರು ಯಾರನ್ನೂ ಬೈಯುವುದಿಲ್ಲ. "ಒಂದು ಗಂಟೆಯಲ್ಲಿ ಐವತ್ತು ನಿಮಿಷ ನೀವು ಮಾತಾಡಿದ್ದೀರಿ" ಎಂದರು. ಸ್ವಲ್ಪ ಬಿಟ್ಟು, "ನಿಮ್ಮ ಇಂಗ್ಲಿಷ್ ತುಂಬಾ ಸುಧಾರಿಸಿದೆ" ಎಂದರು.

೪. ಎಡಗಡೆ ರೆಕ್ಕೆ

ನಮ್ಮತ್ತೆ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಅವರ ಹತ್ತಿರ ಇಂಗ್ಲಿಷ್ ಪದಗಳು ಐವತ್ತು ಇದ್ದಾವು. ಆದರೆ ಒಂದನ್ನೂ ಕೊಳೆಯಲು ಬಿಡುವುದಿಲ್ಲ. ಲಿಫ್ಟಿನಲ್ಲಿ ಚೀನೀ ಅಜ್ಜನಿಗೆ, ಕೆಳಗಿನ ಕಾವಲುಗಾರನಿಗೆ, ಪಕ್ಕದ ತಮಿಳು ಮನೆಯಾಕೆಗೆ, ಎಲ್ಲರಿಗೂ "ಈಟಿಂಗ್ ಓವರ್?" ಎಂದು ಕೇಳಿಯೇ ಮುಂದೆ ಹೋಗುವವರು.

ಒಂದು ಸಂಜೆ ಪಾಠದ ನಡುವೆ ನನಗೆ ಕಾಫಿ ತಂದರು. ಲೋಟ ಇಟ್ಟು ಹೋಗುತ್ತಾರೆ ಎಂದುಕೊಂಡೆ. ಅವರು ಕನ್ನಡಕ ಸರಿಮಾಡಿಕೊಂಡು ಪರದೆಗೆ ಮುಖ ತಂದು, ಫ್ಯಾನಿದ್ದ ಚೌಕಕ್ಕೆ ಬೆರಳಿಟ್ಟು ಹೇಳಿದರು: "ಬೇಬಿ, ಯುವರ್ ಫ್ಯಾನ್ ಟೂ ಮಚ್ ಡಸ್ಟ್. ಕ್ಲೀನ್."

ಹೇಳಿದ್ದು ಯಾರಿಗೆ? ನೆಲ ಒರೆಸಲು ಮಕ್ಕಳಿಗೆ ಮನೆಯಲ್ಲಿ ಅಭ್ಯಾಸ ಮಾಡಿಸುವ ಜನಕ್ಕೆ. "ಏನಮ್ಮಾ ಇದು, ಮಾನ ಕಳೆದ್ರಿ" ಎಂದೆ. "ಐದು ತಿಂಗಳಿಂದ ಅದನ್ನೇ ನೋಡ್ತಿದೀನಿ ಕಣೇ. ಎಷ್ಟೂಂತ ಸಹಿಸ್ಕೊಳ್ಳೋದು" ಎಂದರು. ಚೌಕದ ಫ್ಯಾನ್ ನಿಂತುಹೋಯಿತು. ಹುಡುಗಿ ಲೈನಿನಿಂದಲೇ ಹೊರಟುಹೋದಳು. ಅಂದು ನಾನು ಊಟ ಮಾಡಲಿಲ್ಲ. ಕೊಟ್ಟ ಮಾತು ಮುಗಿಯಿತು, ಇನ್ನು ಅವಳು ಬರುವುದಿಲ್ಲ ಎಂದುಕೊಂಡೆ.

ಮುಂದಿನ ತರಗತಿಗೆ ಬಂದಳು. ತಿರುಗದೆ ನಿಂತಿದ್ದ ಫ್ಯಾನ್ ಹೊಸದರ ಹಾಗೆ ಫಳಫಳ ಹೊಳೆಯುತ್ತಿತ್ತು. ನಾನು ಹಾಜರಿ ಹಾಕುವ ಮೊದಲೇ ಆ ಚೌಕದಿಂದ ಸಣ್ಣ, ಸ್ಪಷ್ಟ ದನಿ ಬಂತು. "ನಾವು ಒರೆಸಿದೆವು. ಅಮ್ಮ ಎರಡು ಸಲ ಒರೆಸಿದರು. ದಯವಿಟ್ಟು ಅಜ್ಜಿಗೆ ಹೇಳಿ."

ಐದು ತಿಂಗಳಲ್ಲಿ ಅವಳ ಮೊದಲ ಇಂಗ್ಲಿಷ್ ಮಾತು ಅದು, ಒಂದಲ್ಲ, ಮೂರು ವಾಕ್ಯ. ಅತ್ತೆಯನ್ನು ಕರೆದೆ. ಅವರು ಬಂದು ನೋಡಿದರು, ಮೆಚ್ಚಿ ತಲೆದೂಗಿದರು. ಆಮೇಲೆ ಇನ್ನೂ ಹತ್ತಿರ ಬಗ್ಗಿ ನೋಡಿ, "ಲೆಫ್ಟ್ ಸೈಡ್ ವಿಂಗ್, ಲಿಟಲ್ ದೇರ್" ಎಂದರು.

ಕ್ಯಾಮೆರಾ ಅಲುಗಿತು. ಫ್ಯಾನ್ ಪಕ್ಕಕ್ಕೆ ಸರಿದು ಎರಡು ಜಡೆಯ, ಬಿದ್ದು ಬಿದ್ದು ನಗುತ್ತಿದ್ದ ಒಂದು ಮುಖ ಬಂತು.

೫. ಅಜ್ಜಿಗೆ ಟ್ಯೂಷನ್

ಅಂದಿನಿಂದ ಪಾಠ ಮುಗಿದ ಮೇಲೆ ಕಾಲು ಗಂಟೆ ಅವರಿಬ್ಬರದು. ಹುಡುಗಿಯೇ ಟೀಚರ್, ಅತ್ತೆ ವಿದ್ಯಾರ್ಥಿ. ಚಿತ್ರ ಬರೆದು ತೋರಿಸುತ್ತಿದ್ದಳು, ಹತ್ತು ಸಲ ಹೇಳಿಸುತ್ತಿದ್ದಳು, ಹೋಂವರ್ಕ್ ಕೊಡುತ್ತಿದ್ದಳು. ಅತ್ತೆ ಮಾಡುತ್ತಿರಲಿಲ್ಲ. ಕೇಳಿದರೆ "ಟುಡೇ ಏಕಾದಶಿ" ಎನ್ನುತ್ತಿದ್ದರು. ಹುಡುಗಿ ಏಕಾದಶಿ ಎಂದರೇನೆಂದು ಕೇಳಿ ತಿಳಿದುಕೊಂಡು, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟಳು. ಎರಡು ವಾರದಲ್ಲಿ ಅತ್ತೆ ನಾಲ್ಕನೇ ಏಕಾದಶಿ ತಂದಾಗ ಸಿಕ್ಕಿಬಿದ್ದರು.

ನನಗೆ ಸಂತೋಷವಾಗಿತ್ತು. ಸಂಕಟವೂ ಆಗಿತ್ತು, ಸುಳ್ಳೇಕೆ ಹೇಳಲಿ. ಎಂಎ ಓದಿ ಇಂಗ್ಲಿಷ್ ಕಲಿಸುವವಳು ನಾನು, ಹುಡುಗಿಯ ಬಾಯಿ ಬಿಡಿಸಿದ್ದು ಐವತ್ತು ಪದದ ನಮ್ಮತ್ತೆ. ಒಂದು ದಿನ ತಡೆಯಲಾರದೆ ಅವಳನ್ನೇ ಕೇಳಿದೆ, ನನ್ನ ಜೊತೆ ಯಾಕೆ ಮಾತಾಡುತ್ತಿರಲಿಲ್ಲ ಎಂದು. ಅವಳು ಎಂದಿನಂತೆ ಒಳಗೇ ವಾಕ್ಯ ಕಟ್ಟಿದಳು. ಈ ಸಲ ನಾನು ನಾಲಿಗೆ ಕಚ್ಚಿಕೊಂಡು ಕಾದೆ. "ಟೀಚರ್ ಯಾವತ್ತೂ ತಪ್ಪು ಮಾಡುವುದಿಲ್ಲ" ಎಂದಳು. "ಅಜ್ಜಿ ದಿನವಿಡೀ ತಪ್ಪು ಮಾಡುತ್ತಾರೆ, ಆದರೂ ಖುಷಿಯಾಗಿದ್ದಾರೆ."

ಮೈಸೂರಿನಲ್ಲೂ ಇಲ್ಲೂ ಸೇರಿ ಇಪ್ಪತ್ತು ವರ್ಷ ನಾನು ಯಾರಿಗೆ ಏನು ಕಲಿಸಿದೆ ಎಂದು ಅವತ್ತು ಬಹಳ ಹೊತ್ತು ಯೋಚಿಸಿದೆ. ನನ್ನ ಮಗಳು ಕನ್ನಡದಲ್ಲಿ ಬಾಯಿ ಬಿಟ್ಟಾಗಲೆಲ್ಲ ಮೊದಲು ನಗುತ್ತಿದ್ದವಳು ನಾನೇ. ಅದೂ ನೆನಪಾಗಿ ನಾಚಿಕೆಯಾಯಿತು.

ಅತ್ತೆಗೆ ಮಾತ್ರ ಇಂಥ ಯೋಚನೆಯಿಲ್ಲ. ಕಾಲು ಗಂಟೆ ಸಾಲದೆ, ಉಳಿದ ಹೊತ್ತು ಮೊಮ್ಮಗಳ ಮೇಲೆ ಅಭ್ಯಾಸಕ್ಕೆ ನಿಂತರು. ತಿಂಡಿಗೆ, ಸ್ನಾನಕ್ಕೆ, ಎಲ್ಲದಕ್ಕೂ ಇಂಗ್ಲಿಷ್. ಮೂರನೇ ದಿನ ಮಗಳು ಕಿವಿ ಮುಚ್ಚಿಕೊಂಡು ಕೋಣೆಯಿಂದ ಹೊರಗೆ ಬಂದಳು. "ಅಜ್ಜಿ, ನಿಮ್ಮ ಕಾಲಿಗೆ ಬೀಳ್ತೀನಿ, ನಾನೇ ಕನ್ನಡ ಮಾತಾಡ್ತೀನಿ, ನೀವು ನಿಲ್ಸಿ."

೬. ಪೋಷಕರ ಸಹಿ

ಜನವರಿಯಲ್ಲಿ ಮತ್ತೆ ಎಲ್ಲ ಮುಚ್ಚಿತು. ಸಂದರ್ಶನದ ದಿನ ಅತ್ತೆ ದೇವರ ಮುಂದೆ ತುಪ್ಪದ ದೀಪ ಹಚ್ಚಿ ಕೂತರು. ನಾನು ಫೋನ್ ಹಿಡಿದು ಬಾಲ್ಕನಿಯಲ್ಲಿ ಅಡ್ಡಾಡಿದೆ. ಮಾತಾಡಿದಳೋ, ಕ್ಯಾಮೆರಾ ಸೂರಿಗೆ ತಿರುಗಿಸಿ ಕೂತಳೋ. ಎರಡು ಗಂಟೆಯ ನಂತರ ತಾಯಿಯ ಫೋನ್ ಬಂತು. ಆಕೆ ಪಕ್ಕದ ಕೋಣೆಯಲ್ಲಿ ಕದಕ್ಕೆ ಕಿವಿಯಿಟ್ಟು ಕೇಳಿದ್ದರಂತೆ.

ಮಲೇಷ್ಯಾದಲ್ಲಿ ಎಲ್ಲ ಮುಚ್ಚಿದ್ದಾಗ ನೀನು ಏನು ಮಾಡಿದೆ ಎಂದು ಸಂದರ್ಶಕರು ಕೇಳಿದರಂತೆ. ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಹುಡುಗಿ ಹೇಳಿದಳು: "ನಾನು ಇಂಗ್ಲಿಷ್ ಟೀಚರ್ ಆಗಿದ್ದೆ. ನನಗೆ ಒಬ್ಬ ವಿದ್ಯಾರ್ಥಿನಿ ಇದ್ದಾರೆ. ಅವರಿಗೆ ಎಪ್ಪತ್ತೊಂದು ವರ್ಷ." ಸಂದರ್ಶಕರು ನಕ್ಕರು. ಇವಳೂ ನಕ್ಕಳು. ವಿದ್ಯಾರ್ಥಿನಿ ಸುಧಾರಿಸುತ್ತಿದ್ದಾರೆಯೇ ಎಂದು ಅವರು ಕೇಳಿದರು. "ಸುಧಾರಿಸುತ್ತಿಲ್ಲ. ಆದರೆ ನಿಲ್ಲಿಸುತ್ತಲೂ ಇಲ್ಲ" ಎಂದಳಂತೆ. ಅಲ್ಲಿಂದ ಮುಂದೆ ಇಪ್ಪತ್ತು ನಿಮಿಷ ಅವಳೇ ಮಾತಾಡಿದಳಂತೆ. ಇಷ್ಟು ಹೇಳಿ ತಾಯಿ ಫೋನಿನಲ್ಲೇ ಅತ್ತರು. ನನಗೂ ಅಳು ಬಂತು. ವಾರದಲ್ಲಿ ಸೀಟು ಸಿಕ್ಕಿದ ಸುದ್ದಿ ಬಂತು.

ಮಾರ್ಚಿನಲ್ಲಿ ಅವರು ಊರಿಗೆ ಹೊರಟರು. ಹೋಗಿ ಬೀಳ್ಕೊಡುವ ಹಾಗಿರಲಿಲ್ಲ. ಕಡೆಯ ಕಾಲು ಗಂಟೆಯಲ್ಲಿ ಅತ್ತೆ ಪರದೆಯ ಮೇಲೆ, ಹುಡುಗಿಯ ಹಣೆಯಿದ್ದ ಜಾಗಕ್ಕೆ ಸರಿಯಾಗಿ ಕುಂಕುಮ ಇಟ್ಟರು. ಆ ಕಲೆ ನನ್ನ ಲ್ಯಾಪ್‌ಟಾಪಿನಿಂದ ಇನ್ನೂ ಪೂರ್ತಿ ಹೋಗಿಲ್ಲ, ನಾನೂ ಒರೆಸಲು ಹೋಗಿಲ್ಲ.

ಎರಡು ದಿನದ ಮೇಲೆ ಕೊರಿಯರಿನಲ್ಲಿ ಅತ್ತೆಯ ಹೆಸರಿಗೆ ಒಂದು ಲಕೋಟೆ ಬಂತು. ಒಳಗೆ ದಪ್ಪ ಕಾಗದದಲ್ಲಿ, ಸ್ಕೇಲಿಟ್ಟು ಗೆರೆ ಹೊಡೆದು ಮಾಡಿದ ಪ್ರಗತಿ ಪತ್ರ. ಹುಡುಗಿಯ ಶಾಲೆಯಲ್ಲಿ ವರ್ಷದ ಕೊನೆಗೆ ಕೊಡುವಂಥದ್ದೇ. ನಾನು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಿದೆ. ಮಾತು: ಬಹಳ ಚೆನ್ನಾಗಿದೆ. ಕೇಳಿಸಿಕೊಳ್ಳುವುದು: ಪ್ರಯತ್ನ ಬೇಕು. ಹೋಂವರ್ಕ್: ಸೊನ್ನೆ. ತಪ್ಪಿಗೆ ಹೆದರದಿರುವುದು: ತರಗತಿಗೇ ಮೊದಲು. ಅದರ ಪಕ್ಕದಲ್ಲಿ ಕೆಂಪು ಶಾಯಿಯ ಹೂವು. ಎಲ್ಲಕ್ಕಿಂತ ಕೆಳಗೆ ಒಂದು ಖಾಲಿ ಚೌಕ, ಪೋಷಕರ ಸಹಿಗೆ.

ಅತ್ತೆ ಪತ್ರ ಇಸಿದುಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅಡುಗೆಮನೆಗೆ ಬಂದರು. ಮದುವೆಯಾಗಿ ಹದಿನಾರು ವರ್ಷದಿಂದ ನನ್ನ ಸಾರಿಗೆ, ರಂಗೋಲಿಗೆ, ಮಡಿಸಿಟ್ಟ ಸೀರೆಗೆ ಮಾರ್ಕು ಹಾಕಿದವರು, ಸೆರಗಿನೊಳಗಿಂದ ಪ್ರಗತಿ ಪತ್ರ ತೆಗೆದು ಪೆನ್ನಿನ ಜೊತೆ ನನ್ನ ಮುಂದೆ ಹಿಡಿದರು. ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು:

"ಬೇಗ ಒಂದು ಸಹಿ ಹಾಕ್ಬಿಡೇ ತಾಯಿ. ಹೋಂವರ್ಕಲ್ಲಿ ಸೊನ್ನೆ ಅಂತ ನನ್ನ ಮಗನಿಗೆ ಗೊತ್ತಾಗೋದು ಬೇಡ."