ಕಾಕಾರ ಬೆರಳಿಗೆ ಹತ್ತಿದ ಲೋಳೆ

ನೆಂಟರ ಮನೆಗೆ ಬಂದವರು ಮೊದಲು ಏನು ವಿಚಾರಿಸುತ್ತಾರೆ? ಕ್ಷೇಮ ಸಮಾಚಾರ ತಾನೆ? ಅಪ್ಪನ ತಮ್ಮ, ನಮ್ಮ ಕಾಕಾ ಮಾತ್ರ ಚಪ್ಪಲಿ ಬಿಟ್ಟವರೇ ಬಚ್ಚಲಿಗೆ ನುಗ್ಗಿ ನೀರಿನ ಡ್ರಮ್ಮಿನ ಕ್ಷೇಮ ವಿಚಾರಿಸುತ್ತಿದ್ದರು! ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಹೇಳುತ್ತಿದ್ದವರು. ಡ್ರಮ್ಮಿನ ಒಳಗೋಡೆಗೆ ಬೆರಳು ಎಳೆದಾಗ ಜಾರಿತೋ, ನಮ್ಮ ಕಥೆ ಮುಗಿಯಿತು.

"ಲೋಳಿ ಅದ! ಚೆಲ್ರಿ, ತಿಕ್ರಿ!"

ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ ನಲ್ಲಿ ಬರುವ ನಮ್ಮ ಕಾಂದಿವಲಿಯ ಚಾಳಿನಲ್ಲಿ ತುಂಬಿದ ಡ್ರಮ್ಮು ಚೆಲ್ಲುವುದೇ! ಅವ್ವ ಅಡ್ಡ ನಿಲ್ಲುತ್ತಿದ್ದಳು. "ಔಷಧದ ಹನಿ ಹಾಕೇನೋ ಮಾರಾಯಾ!"

"ವೈನಿ, ಲೋಳ್ಯಾಗಿನ ಜೀವಾಣು ಔಷಧಕ್ಕ ಜಗ್ಗೂದಿಲ್ಲ. ತಿಕ್ಕೇ ತೆಗೀಬೇಕು."

ಪ್ಯಾಂಟು ಮಡಚಿ, ತೆಂಗಿನ ನಾರು ಹಿಡಿದು ತಾವೇ ತಿಕ್ಕುತ್ತಿದ್ದರು. ಅಂದು ಮಕ್ಕಳಿಗೆಲ್ಲ ಸ್ನಾನಕ್ಕೆ ರಜೆ! ನಮಗೆ ಅವರೆಂದರೆ ಪ್ರಾಣ.

ಮಾಟುಂಗದ ಉಡುಪಿ ಹೋಟೆಲಿನಲ್ಲೂ ಅದೇ ಪಾಡು. ನೀರಿನ ಜಗ್ಗಿಗೇ ಬೆರಳು! ಗಲ್ಲಾಪೆಟ್ಟಿಗೆಯ ಹಿಂದಿದ್ದ ಮಾಲೀಕರು ಎದ್ದು ಬಂದರು. "ನೀರು ಫಿಲ್ಟರಿಂದು ಮಾರಾಯ್ರೇ!"

"ನೀರಿಗೆ ನಾ ಎಲ್ಲಿ ಏನಂದೆ? ಜಗ್ಗಿನ ಗ್ವಾಡಿಗೆ ಅಂದೆ."

ಆಮೇಲಾಮೇಲೆ ಕಾಕಾ ಬಾಗಿಲಲ್ಲಿ ಕಂಡರೆ ಸಾಕು, ಹೋಟೆಲಿನ ಜಗ್ಗುಗಳೆಲ್ಲ ಮೋರಿಗೆ ಓಡುತ್ತಿದ್ದವು.

ನಿವೃತ್ತರಾದ ಮೇಲೆ ಕಾಕಾ ತಮ್ಮ ಹೆಂಡತಿ, ನಮ್ಮ ಕಾಕುವಿಗೆ ಸ್ಟೀಲಿನ ಮೊಣಕಾಲು ಹಾಕಿಸಿದರು. ಕೆಲವು ತಿಂಗಳಿಗೆ ಜ್ವರ, ಬಾವು. ಗುಳಿಗೆ ನುಂಗಿದರೆ ಇಳಿಯುವುದು, ನಿಲ್ಲಿಸಿದರೆ ಏರುವುದು. ಸಾಂತಾಕ್ರೂಜಿನ ಡಾಕ್ಟರರು ಮತ್ತೆ ಕೊಯ್ದು ಕೀಲು ತೆಗೆಯಬೇಕೆಂದರು. ಕಾಕು ಒಪ್ಪಲಿಲ್ಲ.

"ಗುಳಿಗಿಗೆ ಜ್ವರ ಇಳೀತದ. ಮತ್ಯಾಕ ಕೊಯ್ಯೂದು?"

"ರಕ್ತದಾಗ ಅಡ್ಡಾಡೋ ಜೀವಾಣು ಗುಳಿಗಿಗೆ ಸಾಯತಾವ. ಸ್ಟೀಲಿಗೆ ಅಂಟಿ, ಲೋಳಿ ಹೊತ್ಕೊಂಡು ಮಲಗಿದ್ದಾವಲ್ಲ, ಅವು ಸಾಯಂಗಿಲ್ಲ. ಔಷಧ ನಿಂತ ಕೂಡಲೇ ಏಳತಾವ."

"ಅಂದ್ರ ರವಿವಾರ ನೀವು ಮಲಗಿದಂಗ. ಎಷ್ಟು ಒದರಿದ್ರೂ ಇಲ್ಲ, ಊಟ ಅಂದ್ರ ಎದ್ದು ಕೂಡೂದು!"

ಎಲ್ಲರೂ ನಕ್ಕೆವು. ಕಾಕು ನಗು ನಿಲ್ಲಿಸಿ ಕೇಳಿದಳು: "ಖರೇ ಹೇಳ್ರಿ. ಕೊಯ್ಸಿಕೊಳ್ಳಲೇನು?"

ಊರಿಗೆಲ್ಲ ಉಪದೇಶ ಮಾಡಿದ ಮನುಷ್ಯನ ಕಣ್ಣು ತುಂಬಿ ಬಂದವು. "ನನಗ ಹೆದರಿಕಿ ಆಗ್ತದ," ಎಂದರು.

ಜ್ವರದ ಕೈಯಿಂದಲೇ ಕಾಕು ಅವರ ಬೆನ್ನು ಸವರಿದಳು. "ನಾ ಇದ್ದೀನಲ್ಲ, ಯಾಕ ಹೆದರ್ತೀರಿ? ಡಾಕ್ಟರಿಗೆ ಹೂಂ ಅನ್ರಿ."

ಕೀಲು ತೆಗೆದು, ತೊಳೆದು, ವಾಸಿಯಾದ ಮೇಲೆ ಹೊಸದು ಕೂಡಿಸಿದರು. ಜ್ವರ ಮರಳಲಿಲ್ಲ. ಈಗ ಕಾಕು ಸ್ಟೇಷನ್ನಿನ ತನಕ ತಾನೇ ನಡೆದು ತರಕಾರಿ ತರುತ್ತಾಳೆ. ಅವಳ ಹಿಂದೆಯೇ, ಆ ಮೊಣಕಾಲಿನ ಮೇಲೇ ಕಣ್ಣಿಟ್ಟು ಬರುತ್ತಿದ್ದ ಕಾಕಾ ಈಗಿಲ್ಲ. ಆದರೂ ರಸ್ತೆ ದಾಟುವ ಮುನ್ನ ಅವಳು ಒಮ್ಮೆ ನಿಂತು, ಹಿಂದಕ್ಕೆ ಕೈ ಚಾಚುತ್ತಾಳೆ.