ದನದ ಡಾಕ್ಟರ ಟೆಸ್ಟ್ ರೈಡು

ನನ್ನ ಸೋದರಮಾವನಿಗೆ ಇದ್ದದ್ದು ಎರಡೇ ಎರಡು ದುಶ್ಚಟ. ಒಂದು, ಪೇಟೆಗೆ ಯಾವ ಹೊಸ ಬೈಕು ಬಂದರೂ ಅದರ ಟೆಸ್ಟ್ ರೈಡ್ ಮಾಡುವುದು. ಇನ್ನೊಂದು, ಮಾಡಿದ ಮೇಲೆ ಅದನ್ನು ಕೊಳ್ಳದೆ ಮನೆಗೆ ಬರುವುದು. ಬೀಡಿ ಇಲ್ಲ, ಇಸ್ಪೀಟು ಇಲ್ಲ, ಕಾಫಿಗೆ ಸಕ್ಕರೆ ಕೂಡ ಅರ್ಧ ಚಮಚ. ಆದರೆ ಶೋರೂಮಿನ ಗಾಜಿನ ಹಿಂದೆ ಹೊಸ ಗಾಡಿಯೊಂದು ಕಂಡರೆ ಸಾಕು, ಐವತ್ತೆರಡು ವರ್ಷದ ಆ ಮನುಷ್ಯ ಬಸ್ಸಿನಿಂದಲೇ ಇಳಿದುಬಿಡುತ್ತಿದ್ದರು. ಟಿಕೆಟ್ ಎಲ್ಲಿಗೆ ತೆಗೆದುಕೊಂಡಿದ್ದರೇನು!

ಮಾವ ಶಿಡ್ಲಘಟ್ಟದಲ್ಲಿದ್ದುಕೊಂಡು ಹತ್ತಿರದ ಹಳ್ಳಿಯೊಂದರ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದರು. ಸುತ್ತಲಿನವರಿಗೆಲ್ಲ ಅವರು ‘ದನದ ಡಾಕ್ಟ್ರು’. ಕಾಗದದ ಪ್ರಕಾರ ಅವರು ಡಾಕ್ಟರಲ್ಲ, ಜಾನುವಾರು ಅಧಿಕಾರಿ. ಆದರೆ ಹೊಟ್ಟೆ ಉಬ್ಬರಿಸಿ ಮಲಗಿದ ಎಮ್ಮೆ ಸರ್ಟಿಫಿಕೇಟ್ ತೋರಿಸಿ ಎನ್ನುತ್ತದೆಯೇ? ಅವರ ಓಡಾಟಕ್ಕಿದ್ದದ್ದು ಒಂದು ಹಳೇ ಸ್ಕೂಟರು. ದಿನಾ ಬೆಳಿಗ್ಗೆ ಅದನ್ನು ಎಡಕ್ಕೆ ಮಲಗಿಸಿ, ಎಬ್ಬಿಸಿ, ಹತ್ತು ಹನ್ನೆರಡು ಸಲ ಒದ್ದರೆ ಅದು ಕೆಮ್ಮಿ ಎಚ್ಚರಗೊಳ್ಳುತ್ತಿತ್ತು. ಆಮೇಲೆ ಬೀದಿಯಲ್ಲಿ ಇನ್ನಾರೂ ಮಲಗಿರುವ ಪ್ರಶ್ನೆಯೇ ಇರಲಿಲ್ಲ.

ಮಾವ ಬೈಕನ್ನು ನೋಡುತ್ತಿದ್ದದ್ದೂ ದನ ನೋಡುವ ಹಾಗೆಯೇ. ಮೊದಲು ಸುತ್ತ ಒಂದು ಪ್ರದಕ್ಷಿಣೆ. ಆಮೇಲೆ ಟ್ಯಾಂಕಿನ ಮೇಲೆ ಕೈಯಾಡಿಸಿ, “ಹೋ ಹೋ, ಏನಿಲ್ಲ, ಏನಿಲ್ಲ” ಎಂದು ಸಮಾಧಾನ. ಚಿಂತಾಮಣಿಯ ಒಂದು ಶೋರೂಮಿನಲ್ಲಿ ಅವರು ಜೇಬಿನಿಂದ ಸ್ಟೆತಸ್ಕೋಪು ತೆಗೆದು, ಓಡುತ್ತಿದ್ದ ಇಂಜಿನ್ನಿಗೆ ಇಟ್ಟು ಕೇಳಿಯೇಬಿಟ್ಟರು. ಗಿರಾಕಿಗಳೆಲ್ಲ ಸುತ್ತ ನಿಂತರು.

“ಎಡಗಡೆ ಏನೋ ಕುಟ್ತಾ ಇದೆ ಕಣಪ್ಪ,” ಎಂದರು ಮಾವ, ಗಂಭೀರವಾಗಿ.

“ಹೊಸ ಗಾಡಿ ಸಾರ್ ಅದು!” ಎಂದು ಮೆಕ್ಯಾನಿಕ್ ನಕ್ಕ.

“ಹೊಸ ಕರುಗೂ ಜ್ವರ ಬರ್ತದಪ್ಪ. ಬಿಚ್ಚಿ ನೋಡು.”

ಬಾಯಿ ಮುಚ್ಚಿಸೋಣವೆಂದು ಅವನು ಬಿಚ್ಚಿ ನೋಡಿದರೆ ಒಳಗೆ ಒಂದು ಬೋಲ್ಟು ನಿಜವಾಗಿಯೂ ಸಡಿಲವಾಗಿತ್ತು! ಅಂದಿನಿಂದ ಅಲ್ಲಿ ಮಾವನಿಗೆ ಕುರ್ಚಿ, ಕಾಫಿ ಎರಡೂ ಸಿಗುತ್ತಿದ್ದವು. ಗಾಡಿ ಕೊಳ್ಳದಿದ್ದರೂ.

ಗೌರಿಬಿದನೂರಿನಲ್ಲಿ ಇಷ್ಟು ಮರ್ಯಾದೆ ಉಳಿಯಲಿಲ್ಲ. ಅಲ್ಲಿ ‘ಊರಾಚೆ ತನಕ ಹೋಗಿ ಬರ್ತೀನಿ’ ಎಂದು ಹೊರಟವರು ಎಷ್ಟೋ ಮೈಲಿ ಆಚೆಯ ತೊಂಡೇಬಾವಿ ತಲುಪಿದರು. ಅಲ್ಲಿ ರೈಲ್ವೆ ಗೇಟು ಹಾಕಿತ್ತು. ಗೇಟಿನ ಬಳಿ ಒಬ್ಬನ ಮೇಕೆಗೆ ಕಾಲುಬೇನೆ. ಕೇಳಬೇಕೇ? ಗೂಡ್ಸ್ ಹೋಯಿತು, ಪ್ಯಾಸೆಂಜರ್ ಹೋಯಿತು, ಗೇಟು ಎರಡು ಸಲ ತೆಗೆದು ಹಾಕಿದ್ದಾಯಿತು. ಗಾಬರಿಯಾದ ಶೋರೂಮಿನವರು ಹುಡುಕಲು ಇನ್ನೊಂದು ಹೊಸ ಬೈಕಿನಲ್ಲಿ ಆಳು ಕಳಿಸಿದರು. ಅವನು ಏದುಸಿರು ಬಿಡುತ್ತಾ ಬಂದು ನಿಂತರೆ ಮಾವ ಅವನ ಗಾಡಿಯನ್ನು ಮೇಲಿಂದ ಕೆಳಗೆ ನೋಡಿ, “ಇದು ಬೇರೆ ಮಾಡೆಲ್ ಅಲ್ವಾ? ನೀನು ಅದನ್ನ ತಗೊಂಡು ಬಾ, ನಾನು ಇದನ್ನ ಓಡಿಸ್ಕೊಂಡು ಬರ್ತೀನಿ,” ಎಂದರಂತೆ. ಒಂದೇ ದಿನಕ್ಕೆ ಎರಡು ಟೆಸ್ಟ್ ರೈಡು!

ಪ್ರತಿ ಸವಾರಿಯ ಅನುಭವವೂ ಒಂದು ನೋಟ್‌ಬುಕ್ಕಿನಲ್ಲಿ ದಾಖಲಾಗುತ್ತಿತ್ತು. ನಾನು ಕದ್ದು ಓದಿದ್ದೇನೆ. “ಬಣ್ಣ ಕೆಂಪು. ಮೈಕಟ್ಟು ಚೆನ್ನ. ನಲವತ್ತು ದಾಟಿದರೆ ನಡುಕ. ಬ್ರೇಕ್ ಹಿಡಿದರೆ ಹಾಯಲು ಬರುತ್ತದೆ.” ಇನ್ನೊಂದು ಪುಟದಲ್ಲಿ, “ಸಾಧು. ಹೆಂಗಸರು ಮಕ್ಕಳು ಯಾರು ಬೇಕಾದರೂ ಹಿಡಿಯಬಹುದು. ಆದರೆ ದಿಣ್ಣೆ ಹತ್ತುವಾಗ ಮಲಗುತ್ತದೆ.” ಬೈಕಿನ ಬಗ್ಗೆ ಇದಕ್ಕಿಂತ ಸ್ಪಷ್ಟವಾಗಿ ಯಾರು ಬರೆದಾರು, ನೀವೇ ಹೇಳಿ!

ಚಿಕ್ಕಬಳ್ಳಾಪುರ ಆಗತಾನೇ ಜಿಲ್ಲೆಯಾಗಿತ್ತು. ನಾನು ಅಲ್ಲಿನ ಕಾಲೇಜೊಂದರಲ್ಲಿ ಗ್ರಂಥಪಾಲಕನಾಗಿದ್ದೆ. ಒಂದು ಶನಿವಾರ ಮಧ್ಯಾಹ್ನ ಮಾವ ಬಂದು ಬಾಗಿಲಲ್ಲಿ ನಿಂತರು. “ಬಾರೋ, ಹೊಸ ಸ್ಪೋರ್ಟ್ಸ್ ಬೈಕ್ ಬಂದೈತೆ. ಗೊತ್ತಿರೋರು ಯಾರಾದ್ರೂ ಜೊತೆಗಿದ್ರೇನೇ ಕೊಡೋದಂತೆ.” ಅವರ ಕೀರ್ತಿ ಅಷ್ಟು ಹೊತ್ತಿಗೆ ಸುತ್ತಲಿನ ತಾಲೂಕಿಗೆಲ್ಲ ಹಬ್ಬಿತ್ತು. ನಾನು ಹೋಗಿದ್ದು, ಸರಿಯಾಗಿ ಹೇಳಬೇಕೆಂದರೆ, ಒತ್ತೆಯಾಳಾಗಿ.

ಆ ಬೈಕು ಕಪ್ಪಗೆ, ಮುಂದಕ್ಕೆ ಬಗ್ಗಿ, ಈಗ ಹಾರುತ್ತೇನೆ ಎನ್ನುವ ಹಾಗೆ ನಿಂತಿತ್ತು. ಸೀಟು ಎರಡು ತುಂಡು. ಹಿಂದಿನದು ಮಣೆಯಷ್ಟೇ ಅಗಲ, ಎತ್ತರ ಮಾತ್ರ ಮೊದಲ ಮಹಡಿಯಷ್ಟು. ಟೈ ಕಟ್ಟಿದ್ದ ಸೇಲ್ಸ್‌ನವರು ಮಾವನನ್ನು ಒಂಟಿಯಾಗಿ ಬಿಡಲು ಸುತರಾಂ ಒಪ್ಪಲಿಲ್ಲ. “ನಾನೂ ಹಿಂದೆ ಕೂತ್ಕೋತೀನಿ ಸಾರ್. ಬಸ್ ಸ್ಟ್ಯಾಂಡ್ ತನಕ ಹೋಗಿ ಬಂದ್ಬಿಡಣ. ಎರಡೇ ಕಿಲೋಮೀಟ್ರು,” ಎಂದರು. ನನ್ನನ್ನು ಎ.ಸಿ. ಕೆಳಗೆ ಕೂರಿಸಿ ಇಬ್ಬರೂ ಹೊರಟರು. ಬೈಕು ಗುರ್ ಎಂದು ತಿರುವಿನಲ್ಲಿ ಮಾಯವಾಯಿತು.

ಅರ್ಧ ಗಂಟೆಯಾಯಿತು. ಒಂದು ಗಂಟೆಯಾಯಿತು. ನನಗೆ ಕೊಡುತ್ತಿದ್ದ ನೀರು ನಿಂತಿತು. ಎರಡು ಗಂಟೆಯಾದಾಗ ಮ್ಯಾನೇಜರು ಬಂದು ನನ್ನ ಮನೆ ವಿಳಾಸ ಬರೆದುಕೊಂಡರು. ಮಾವನ ಮೊಬೈಲು ಸದ್ದಿಲ್ಲ, ಟೈನವರ ಮೊಬೈಲೂ ಸದ್ದಿಲ್ಲ. ನಾನು ಬೆವರುತ್ತಾ ಕೂತಿದ್ದೆ. ಏನಾಗಿರಬಹುದು? ಎಲ್ಲಿ ಬಿದ್ದಿರಬಹುದು? ಅತ್ತೆಗೆ ಏನೆಂದು ಹೇಳಲಿ?

ನಾಲ್ಕು ಗಂಟೆ ಕಳೆದ ಮೇಲೆ ಬೈಕು ಬಂತು. ಕಪ್ಪಗಿದ್ದದ್ದು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಹಿಂದೆ ಟೈನವರು, ಟೈ ಇಲ್ಲದೆ. ತೋಳು ಮೊಣಕೈಗಿಂತ ಮೇಲೆ ಮಡಚಿತ್ತು, ಷರಟಿನ ತುಂಬ ಸಗಣಿ, ತೊಡೆಯ ಮೇಲೆ ಒಂದು ಸ್ಟೀಲ್ ಡಬ್ಬಿ. ಮುಖ ಮಾತ್ರ ಹಬ್ಬಕ್ಕೆ ಹೋಗಿ ಬಂದವರ ಹಾಗೆ ಬೆಳಗುತ್ತಿತ್ತು!

ಆದದ್ದಿಷ್ಟು. ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಮಾವನಿಗೆ ಫೋನು ಬಂದಿದೆ. ಶಿಡ್ಲಘಟ್ಟದ ಆಚೆಯ ಹಳ್ಳಿಯಿಂದ ಒಬ್ಬ ರೈತ ತೆಲುಗಿನಲ್ಲಿ ಅಳುತ್ತಿದ್ದಾನೆ. “ಸಾರ್, ದೂಡ ಅಡ್ಡಂ ತಿರಿಗಿಂದಿ ಸಾರ್!” ಹಸು ಈಯುತ್ತಿದೆ, ಕರು ಅಡ್ಡ ತಿರುಗಿದೆ. ಮಾವ ಹಿಂದೆ ತಿರುಗಿ ಹೇಳಿದ್ದು ಒಂದೇ ಮಾತು. “ಗಟ್ಟಿಯಾಗಿ ಹಿಡ್ಕೊಳ್ಳಪ್ಪ.” ಆಮೇಲೆ ಹಿಪ್ಪುನೇರಳೆ ತೋಟಗಳ ನಡುವಿನ ಆ ರಸ್ತೆಯಲ್ಲಿ ಬೈಕು ಎಷ್ಟು ವೇಗದಲ್ಲಿ ಹೋಯಿತೋ ಟೈನವರು ನೋಡಲಿಲ್ಲ, ಕಣ್ಣು ಮುಚ್ಚಿಕೊಂಡು ಮಾವನ ಸೊಂಟ ತಬ್ಬಿದ್ದರು. ಅಲ್ಲಿ ಕೊಟ್ಟಿಗೆಯಲ್ಲಿ ಎಳೆಯಲು ಇನ್ನೊಂದು ಜೊತೆ ಕೈ ಬೇಕಾಯಿತು. ಕರುವಿನ ಕಾಲಿಗೆ ಕಟ್ಟಲು ಹಗ್ಗ ಸಿಗದೆ ಟೈ ಬಿಚ್ಚಿಕೊಟ್ಟವರೂ ಅವರೇ!

“ಹೆಣ್ಗರು ಸಾರ್,” ಎಂದರು ಟೈನವರು ಮ್ಯಾನೇಜರಿಗೆ, ಡಬ್ಬಿ ಮುಂದೆ ಹಿಡಿದು. “ಹಣೆ ಮೇಲೆ ಬಿಳೀ ಮಚ್ಚೆ. ಮನೆಯವರು ಗಿಣ್ಣು ಹಾಲು ಕೊಟ್ರು.”

ಬೈಯಲು ಬಾಯಿ ತೆರೆದ ಮ್ಯಾನೇಜರು ಡಬ್ಬಿ ತೆಗೆದುಕೊಂಡರು.

ಮಾವ ಎಂದಿನಂತೆ ನಮಸ್ಕಾರ ಹೇಳಿ ಹೊರಡುತ್ತಾರೆಂದು ನಾನು ಎದ್ದು ನಿಂತಿದ್ದೆ. ಅವರು ಕೂತರು. “ಇದನ್ನ ತಗೋತೀನಿ,” ಎಂದರು. ನಾನು ಅವರ ಹಣೆ ಮುಟ್ಟಿ ನೋಡಬೇಕೆಂದಿದ್ದೆ.

ಟೈನವರಿಗೆ ಈಗ ಮಾವ ಸ್ವಂತ ಅಣ್ಣನಾಗಿದ್ದರು. “ಮೇಡಮ್ಮೋರು ಹಿಂದೆ ಕೂತ್ಕೋಬೇಕಲ್ಲ ಸಾರ್, ಹಿಡ್ಕೊಳ್ಳೋಕೆ ಏನೂ ಇಲ್ಲ. ಒಂದು ಕಂಬಿ ಹಾಕಿಸ್ಕೊಡ್ತೀನಿ, ಫ್ರೀ,” ಎಂದರು.

“ಬೇಡ,” ಎಂದರು ಮಾವ.

“ಫ್ರೀ ಸಾರ್!”

“ಸೀರೆ ಸಿಕ್ಕಿಕೊಳ್ಳದ ಹಾಗೆ ಗಾರ್ಡ್ ಹಾಕ್ಸಿ, ಸಾಕು. ಕಂಬಿ ಹಾಕ್ಸಿದ್ರೆ ಗಾಡಿನೇ ಬೇಡ.”

ಗಾಡಿ ಮನೆಗೆ ಬಂದ ದಿನ ಅತ್ತೆ ಆರತಿ ತಟ್ಟೆ ಹಿಡಿದು ಹೊರಗೆ ಬಂದವರು ಅಲ್ಲೇ ನಿಂತರು. “ಇದೇನ್ರೀ ಇದು, ಮಿಡತೆ ಇದ್ದಂಗೈತೆ! ಈ ವಯಸ್ಸಲ್ಲಿ ನಾನು ಇದನ್ನ ಹತ್ತಬೇಕಾ? ಜನ ನಗಲ್ವಾ?” ಎಂದರು. ಜನ ನಕ್ಕರು. ರೇಷ್ಮೆಗೂಡು ಹೊತ್ತು ಮಾರ್ಕೆಟ್ಟಿಗೆ ಹೋಗುತ್ತಿದ್ದವರೂ ಚೀಲ ಇಳಿಸಿ ನಿಂತು ನಕ್ಕರು. ಅತ್ತೆ ಅವತ್ತು ಹತ್ತಲೇ ಇಲ್ಲ.

ಎರಡು ತಿಂಗಳ ಮೇಲೆ ಒಂದು ಭಾನುವಾರ ಶಿಡ್ಲಘಟ್ಟಕ್ಕೆ ಹೋದೆ. ಬಸ್ಸಿನ ಕಿಟಕಿಯಿಂದ ನೋಡುತ್ತೇನೆ, ಅದೇ ಕಪ್ಪು ಬೈಕು ರಸ್ತೆಯ ಅಂಚಿನಲ್ಲಿ ಸೈಕಲ್ಲಿನ ಹಿಂದೆ ಸೈಕಲ್ಲಿನಷ್ಟೇ ನಿಧಾನ ಹೋಗುತ್ತಿದೆ. ಹಿಂದಿನ ಮಣೆಯ ಮೇಲೆ ಅತ್ತೆ! ಮನೆ ತಲುಪಿದವನು ಮಾವ ಬರುವುದನ್ನೇ ಕಾದು ಕೇಳಿದೆ. “ಇಪ್ಪತ್ತರಲ್ಲಿ ಹೋಗೋಕೆ ಸ್ಪೋರ್ಟ್ಸ್ ಬೈಕ್ ಯಾಕೆ ಮಾವ? ನಿಮ್ಮ ಸ್ಕೂಟ್ರೇ ಇನ್ನೂ ಜೋರಾಗಿ ಹೋಗ್ತಿತ್ತಲ್ಲ!”

ಮಾವ ನಗಲಿಲ್ಲ. ಅತ್ತೆ ಅಡುಗೆಮನೆಯಲ್ಲಿದ್ದಾರೆಯೇ ಎಂದು ಒಮ್ಮೆ ನೋಡಿ ನನ್ನ ಪಕ್ಕ ಕೂತರು.

“ಮದುವೆ ಆದ ಹೊಸದ್ರಲ್ಲಿ ನಿಮ್ಮ ತಾತ ಯಾವಾಗ್ಲೂ ಜಗಲಿ ಮೇಲೆ ಕೂತಿರೋರು. ಅವರೆದುರಿಗೆ ನನ್ನ ಭುಜ ಹಿಡ್ಕೊಳ್ಳೋದು ಹೆಂಗೆ ಅಂತ ನಿಮ್ಮತ್ತೆ ಸ್ಕೂಟ್ರಿನ ಸ್ಟೆಪ್ನಿ ಹಿಡ್ಕೊಂಡ್ಳು. ತಾತ ಹೋಗಿ ಹದಿನೈದು ವರ್ಷ ಆಯ್ತು. ಇವಳು ಸ್ಟೆಪ್ನಿ ಬಿಡ್ಲಿಲ್ಲ ಕಣೋ.”

ನಾನು ನಗುವವನಿದ್ದೆ. ಅಷ್ಟರಲ್ಲಿ ಮಾವ ದನಿ ಇನ್ನೂ ತಗ್ಗಿಸಿದರು.

“ಹೋದ ವರ್ಷ ಆಪರೇಷನ್ ಆಯ್ತಲ್ಲ ಇವಳಿಗೆ? ಹೊರಗೆ ತಂದಾಗ ಅರ್ಧಂಬರ್ಧ ಎಚ್ಚರ. ಆಗ ನನ್ನ ಕೈ ಹಿಡ್ಕೊಂಡ್ಳಪ್ಪ. ಮೂವತ್ತು ವರ್ಷದಲ್ಲಿ ಅದೇ ಮೊದ್ಲು, ನಾಲ್ಕು ಜನರ ಎದುರಿಗೆ. ಪೂರ್ತಿ ಎಚ್ಚರ ಆಯ್ತು ನೋಡು, ನಾಚ್ಕೊಂಡು ಬಿಟ್ಬಿಟ್ಳು. ಹಿಡ್ಕೋ ಅಂತ ನಾನು ಹೆಂಗೆ ಕೇಳೋದು? ಎತ್ತಿಗೆ ಎಮ್ಮೆಗೆ ಆದ್ರೆ ಹೇಳ್ತೀನಿ. ಅವತ್ತು ಆ ಟೈಯೋರು ಹಿಂದೆ ಹಿಡ್ಕೊಳ್ಳೋಕೆ ಏನೂ ಇಲ್ದೆ ನನ್ನೇ ತಬ್ಕೊಂಡು ಕೂತಿದ್ರು. ಆಗ ಹೊಳೀತು.”

ಒಳಗಿನಿಂದ ಅತ್ತೆ ಬಂದರು. ಚಿಂತಾಮಣಿಯಲ್ಲಿ ಯಾವುದೋ ಮದುವೆಗೆ ಹೋಗುವುದಿತ್ತು. ರೇಷ್ಮೆ ಸೀರೆ ಉಟ್ಟು, ಮುಡಿಗೆ ಕನಕಾಂಬರ ಮುಡಿದಿದ್ದರು. ಮಾವ ಬೈಕನ್ನು ಜಗಲಿಗೆ ಒತ್ತರಿಸಿ ನಿಲ್ಲಿಸಿದರು. ಅತ್ತೆ ಜಗಲಿಯ ಮೇಲಿನಿಂದ, ಬೀದಿಯ ಆ ಕಡೆ ಈ ಕಡೆ ನೋಡಿ, ಆ ಎತ್ತರದ ಸೀಟಿನ ಮೇಲೆ ಕೂತು, ಬಲಗೈಯನ್ನು ಮಾವನ ಹೊಟ್ಟೆಯ ಸುತ್ತ ಬಳಸಿದರು.

“ಹಿಡ್ಕೊಂಡ್ಯಾ?” ಎಂದರು ಮಾವ.

“ಹೂಂ, ಹಿಡ್ಕೊಂಡಿದೀನಿ. ನಡೀರಿ.”

ಮಾವ ಹೊರಡಲಿಲ್ಲ. ಇಂಜಿನ್ನು ತನ್ನ ಪಾಡಿಗೆ ಓಡುತ್ತಿತ್ತು.

“ಸರಿಯಾಗಿ ಹಿಡ್ಕೊಂಡ್ಯಾ?” ಎಂದು ಇನ್ನೊಂದು ಸಲ ಕೇಳಿದರು.